ಅಂಕಿತವಿಲ್ಲದ ಧಾಟಿ

"ಗುರುಗಳೇ, ನಾನು ಕಟ್ಟಿದ ಪದವನ್ನು ಪಕ್ಕದೂರಿನ ಭಜನೆಯವರು ಹಾಡುತ್ತಿದ್ದಾರೆ. ಹಾಡಲಿ, ಬೇಡವೆನ್ನುವುದಿಲ್ಲ. ಆದರೆ ನನ್ನ ಅಂಕಿತವಿರುವ ಕೊನೆಯ ಸಾಲನ್ನೇ ಬಿಟ್ಟುಬಿಡುತ್ತಾರಲ್ಲ, ಅದನ್ನು ಹೇಗೆ ಸಹಿಸಲಿ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ನಕ್ಕರು. "ನಿನಗಾದರೂ ಹೆಸರು ಹಾಕಲು ಒಂದು ಸಾಲಿತ್ತು ಮಾರಾಯ. ಅದೂ ಇಲ್ಲದವಳ ಕತೆ ಹೇಳುತ್ತೇನೆ, ಕೇಳು" ಎಂದರು.

ದೂರದ ಅಮೆರಿಕದಲ್ಲಿ ಒಂದು ಬೆಟ್ಟದ ಸೀಮೆ. ಅಲ್ಲಿನವರ ಸಂಗೀತಕ್ಕೆ ಬ್ಲೂಗ್ರಾಸ್ ಎನ್ನುತ್ತಾರೆ. ಯಾರದಾದರೂ ಜಗುಲಿಯಲ್ಲಿ ಸುತ್ತಲೂ ಕೂತು, ಒಂದೇ ಧಾಟಿಯನ್ನು ಒಬ್ಬರಾದ ಮೇಲೊಬ್ಬರು ನುಡಿಸುವುದು ಅವರ ರೂಢಿ. ಅಲ್ಲೊಬ್ಬ ಹುಡುಗಿ ಬ್ಯಾಂಜೋ ನುಡಿಸುತ್ತಿದ್ದಳು. ಬ್ಯಾಂಜೋ ಎಂದರೆ ಗುಂಡನೆಯ ಮುಖಕ್ಕೆ ಚರ್ಮ ಬಿಗಿದ, ಐದು ತಂತಿಯ ವಾದ್ಯ. ಅವಳಿಗೆ ಹಾಡಲು ಬಾರದು. ಬೆರಳಿಗೆ ಸುಮ್ಮನಿರಲು ಬಾರದು. ಒಂದು ಸೇಬಿನ ಸುಗ್ಗಿಯಲ್ಲಿ, ರಸ ಕುದಿಯುವ ಹಂಡೆಯನ್ನು ಕಾಯುತ್ತ ಕೂತು, ಸ್ವಂತವಾಗಿ ಒಂದು ಧಾಟಿ ಕಟ್ಟಿದಳು. ಅದರಲ್ಲಿ ಮಾತಿಲ್ಲ. ಮಾತೇ ಇಲ್ಲದ ಮೇಲೆ ಹೆಸರು ಸೇರಿಸುವುದೆಲ್ಲಿ? ಹೊಲ, ಮನೆ ಎಲ್ಲ ಅಣ್ಣಂದಿರದು. ತನ್ನದು ಎಂದು ಅವಳಿಗೆ ಇದ್ದದ್ದು ಅದೊಂದೇ.

ಕೆಲವು ವರ್ಷದ ಮೇಲೆ ಬೆಟ್ಟದಾಚೆಯ ಕಣಿವೆಗೆ ನೆಂಟರ ಮದುವೆಗೆ ಹೋದಳು. ಜಗುಲಿಯಲ್ಲಿ ಒಬ್ಬ ಮುದುಕ ಬಡಗಿ ಪಿಟೀಲು ನುಡಿಸತೊಡಗಿದ. ನೋಡಿದರೆ ಅವಳದೇ ಧಾಟಿ! ಯಾರ ಕೈಯಿಂದ ಯಾರ ಕೈಗೆ ಹೋಗಿ ಅಲ್ಲಿಗೆ ಬಂತೋ. ಅವಳಿಗೆ ಹಿಗ್ಗೋ ಹಿಗ್ಗು. ತನ್ನ ಸರದಿ ಬಂದಾಗ ಮೈಮರೆತು ನುಡಿಸಿದಳು.

ಬಡಗಿ ತಲೆಯಾಡಿಸಿದ. "ಕೈ ಚೆನ್ನಾಗಿದೆ ಮಗಳೇ. ಆದರೆ ಕೊನೆಯಲ್ಲಿ ತಪ್ಪುತ್ತೀಯ. ಇದು ನಮ್ಮ ಅಜ್ಜಂದಿರ ಕಾಲದ ಧಾಟಿ. ಅಲ್ಲಿ ಹಾಗೆ ಓಡಬಾರದು."

ಅಜ್ಜಂದಿರ ಕಾಲದ್ದಂತೆ. ಅದು ಹುಟ್ಟಿ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಟ್ಟಿದವಳು ನಾನು, ತಪ್ಪು ಹುಡುಕುವವನು ಇವನು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೊದಲು ಇವನ ಬಂಡವಾಳ ಬಯಲಾಗಲಿ, ಆಮೇಲೆ ಹೇಳೋಣ ಎಂದುಕೊಂಡು, "ಹಾಗಾದರೆ ತೋರಿಸಿ" ಎಂದಳು.

ಬಡಗಿ ತೋರಿಸಿದ. ಅವಳು ಓಡುತ್ತಿದ್ದ ಕಡೆ ಅವನು ಸ್ವಲ್ಪ ನಿಂತ. ನಿಂತು, ನಿಧಾನವಾಗಿ ಮುಗಿಸಿದ. ಅವಳ ಸಿಟ್ಟು ಅಲ್ಲೇ ಇಳಿಯಿತು. ಆ ಜಾಗ ಸರಿಯಿಲ್ಲವೆಂದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಹೇಗೆ ಮುಗಿಸಬೇಕೆಂದು ತೋಚದೆ, ಅದು ಯಾರ ಕಿವಿಗೂ ಬೀಳದಿರಲಿ ಎಂದೇ ಅಷ್ಟು ಬೇಗ ದಾಟಿಬಿಡುತ್ತಿದ್ದಳು. ಈಗ ಅದು ಪೂರ್ತಿಯಾಗಿತ್ತು.

"ಇನ್ನೊಮ್ಮೆ ಹೇಳಿಕೊಡಿ" ಎಂದಳು. ಮದುವೆಯ ಊಟ ಆರಿಹೋಗುವವರೆಗೂ ಅವನ ಪಕ್ಕದಲ್ಲಿ ಕೂತು, ತಾನೇ ಕಟ್ಟಿದ್ದನ್ನು ಅವನಿಂದ ಕಲಿತಳು. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಊರಿಗೆ ಬಂದ ಮೇಲೂ ಅವನು ಹೇಳಿಕೊಟ್ಟ ಹಾಗೆಯೇ ನುಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ. "ಅದು ತನ್ನದೆಂದು ಅವಳು ಹೇಳಲೇ ಇಲ್ಲವೇ? ಕಟ್ಟಿದವರು ಯಾರೆಂದು ಕೇಳುವವರಿಗೆ ತಿಳಿಯಬೇಡವೇ?"

"ಇಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ಕೇಳಿದೆಯಲ್ಲ ಮರುಳಯ್ಯ, ಈ ಕತೆ ಕಟ್ಟಿದವರು ಯಾರೆಂದು ಒಮ್ಮೆಯಾದರೂ ಕೇಳಿದೆಯಾ?" ಎಂದರು ಗುರುಗಳು.