ತೊಗರಿ ಸಾಲಿನ ಗಂಧ

"ತಾತ, ಎಲ್ರೂ ಒಂದು ಮಾತು ಹೇಳ್ತಾವ್ರೆ. ನಾನೊಬ್ಬಳೇ ಬ್ಯಾಡ ಅಂತೀನಿ. ನಾನೇ ಸರಿ ಅಂತ ಹೆಂಗ್ ತಿಳ್ಕೊಳ್ಳೋದು?"

ಚಿಕ್ಕತಾಯಿ ಹಿಂಗ್ ಕೇಳಿದ್ದು ಮಧ್ಯಾಹ್ನ, ಊಟದ ಹೊತ್ತಲ್ಲಿ. ನಮ್ಮ ಸಸಿ ತೋಟಾನ ಊರ ಹೆಂಗಸ್ರು ಸಂಘ ಮಾಡ್ಕೊಂಡು ನಡೆಸ್ತಾರೆ. ಅವ್ರಿಗೆಲ್ಲ ಕೆಲಸ ಕಲಿಸ್ದೋನು ನಾನು. ಚಿಕ್ಕತಾಯಿ ನನ್ ಹತ್ರ ಆರು ವರ್ಷದಿಂದ ಕಲೀತಾವ್ಳೆ.

ತೋಟದ ಬೇಲಿ ಹತ್ರ ಒಂದು ಹಳೇ ಗಂಧದ ಮರ ಐತೆ. ಈ ಮಳೆಗೆ ಅದರ ಸುತ್ತ ಸಸಿ ತಾವೇ ಹುಟ್ಕೊಂಡವೆ. ಹಕ್ಕಿ ಉದುರ್ಸಿದ್ದು. ಸಂಘದೋರು ಅದನ್ನ ಕೆತ್ತಿ ಬಿಸಾಕಿ, ಬೀಜ ತಂದು ಮಡಿ ಮಾಡಣ ಅಂದ್ರು. ತಾನೇ ಹುಟ್ಟಿದ್ದು ಜಾತಿಗೆಟ್ಟಿದ್ದು ಅಂದ್ರು. ಇವಳು ಒಂದು ಸಸೀನೂ ಮುಟ್ಟಬ್ಯಾಡಿ ಅಂದ್ಳು. ಮಾತಿಗೆ ಮಾತು ಬೆಳೀತು. ಎಂಟು ದಿನದಿಂದ ಇವಳು ಅವ್ರ ಜೊತೆ ಉಣ್ಣಾಕ್ ಕೂರಲ್ಲ. ಡಬ್ಬಿ ಎತ್ಕೊಂಡು ನನ್ ಗುಡಿಸ್ಲಿಗೆ ಬತ್ತಾಳೆ.

ಗಿಡ ಸಾಕೋ ಕೆಲಸದಲ್ಲಿ ನನ್ನ ಸಮ ನಿಲ್ಲೋರು ಈ ಸುತ್ತಿನಾಗೆ ಒಬ್ರೂ ಇಲ್ಲ. ಬೂಟು ಹಾಕ್ಕೊಂಡ್ ಬರೋ ಆಫೀಸರ್ರೇ ಒಣಗಿದ ಎಲೆ ತಂದು, ಇದಕ್ಕೇನಾಗೈತೆ ತಾತ ಅಂತ ನನ್ನ ಕೇಳವ್ರೆ. ಎಲೆ ಮುಟ್ಟದೇನೇ ಹೇಳಿವ್ನಿ. ಆದ್ರೆ ನನ್ ಶಿಷ್ಯರು ಕೇಳಿದ್ಕೆ ನಾನು ಸೀದಾ ಉತ್ರ ಕೊಡಾಕಿಲ್ಲ. ಪುಕ್ಕಟೆ ಸಿಕ್ಕಿದ ಉತ್ರ ಸಂಜೆಗಂಟ ಉಳ್ಯಲ್ಲ.

"ಡಬ್ಬಿ ತೆಗಿ, ಉಣ್ಣು. ಉಣ್ತಾ ಕೇಳು" ಅಂದೆ.

ಒಬ್ಬ ರೈತ ಇದ್ದ. ಹಳೇ ಕಾಲ. ಆಗ ಗಂಧದ ಗಿಡ ಯಾರ ಜಮೀನಲ್ಲೇ ಹುಟ್ಲಿ, ಅದು ಸರ್ಕಾರದ್ದು. ಹುಟ್ಟೋದು ನಿನ್ ಹಿತ್ತಲಲ್ಲಿ, ಕುಡಿಯೋದು ನಿನ್ ನೀರು, ಒಂದು ರೆಂಬೆ ಮುರುದ್ರೂ ಉತ್ರ ಹೇಳೋನು ನೀನು. ಮರ ಮಾತ್ರ ನಿಂದಲ್ಲ. ಕಳ್ಳ ಬಂದು ಕಡ್ಕೊಂಡ್ ಹೋದ್ರೆ, ಮೊದ್ಲು ನಿನ್ನನ್ನೇ ಕರ್ಸಿ ನಿಲ್ಲಿಸ್ತಿದ್ರು.

ಅದಕ್ಕೆ ಊರೋರು ಒಂದು ರೂಢಿ ಮಾಡ್ಕೊಂಡಿದ್ರು. ಕಳೆ ಕೀಳೋವಾಗ ಗಂಧದ ಸಸಿ ಕಂಡ್ರೆ, ಗೇಣುದ್ದ ಆಗೋಕ್ ಮುಂಚೆ ಅದನ್ನೂ ಕಳೆ ಜೊತೆ ಕಿತ್ತು ಬದೀಗೆ ಎಸೀತಿದ್ರು. ಯಾರೂ ಬಾಯಿ ಬಿಡ್ತಿರಲಿಲ್ಲ. ಅಂಗಾಗಿ ಆ ಊರಲ್ಲಿ ಗಂಧದ ಮರ ಒಂದೂ ಇರಲಿಲ್ಲ.

ಈ ರೈತನ ಹಿತ್ತಲಲ್ಲಿ ತೊಗರಿ ಸಾಲಿತ್ತು. ಎರಡು ಮೂರು ವರ್ಷ ನಿಲ್ಲೋ ಜಾತಿ ತೊಗರಿ. ಅದರ ಮಧ್ಯ ಒಂದು ಗಂಧದ ಸಸಿ ಎದ್ದಿತ್ತು. ಅವನ ಹೆಂಡ್ತಿ ಕಳೆ ಕೀಳ್ತಾ ಅದಕ್ಕೂ ಕೈ ಹಾಕಿದ್ಳು. ಇವನು ಕೈ ಹಿಡ್ಕೊಂಡ.

"ಯಾಕೆ? ಸರ್ಕಾರದ ಮಗೀಗೆ ನೀನ್ ಹಾಲು ಕುಡಿಸ್ತೀಯಾ?" ಅಂದ್ಳು ಅವಳು.

"ನಾನ್ ಕರ್ದಿರ್ಲಿಲ್ಲ. ಅದೇ ಬಂದೈತೆ. ಮನೇಗ್ ಬಂದೋರ ಕುತ್ತಿಗೆ ಹಿಸುಕೋ ವಂಶ ಅಲ್ಲ ನಮ್ದು" ಅಂದ ಅವನು.

ಸಸಿ ಮೊಣಕಾಲುದ್ದ ಬರೋಗಂಟ ತೊಗರಿ ಮರೆಯಲ್ಲಿ ಯಾರಿಗೂ ಕಾಣ್ಲಿಲ್ಲ. ಆಮೇಲೆ ಕಾಣ್ತು. ಊರ ಯಜಮಾನ ನಾಲ್ಕು ಜನಾನ ಕರ್ಕೊಂಡು ಹಿತ್ತಲಿಗೇ ಬಂದ.

"ಏನೋ ಇದು?"

"ಗಂಧ."

"ಗೊತ್ತಾಯ್ತದೆ, ಕಣ್ಣೈತೆ ನಂಗೆ. ಕಿತ್ತಾಕು."

"ಕೀಳಲ್ಲ."

"ಇದನ್ನ ನೋಡಾಕೆ ಫಾರೆಸ್ಟ್ ಗಾರ್ಡು ಬತ್ತಾನೆ. ಬಂದೋನು ನಿನ್ ಹಿತ್ಲು ಒಂದೇ ನೋಡ್ಕೊಂಡು ಹೋಗ್ತಾನಾ? ಎಲ್ರ ಹಿತ್ಲೂ ತಡಕ್ತಾನೆ. ನಿನ್ನೊಬ್ಬನ ಹಟಕ್ಕೆ ಊರೆಲ್ಲ ಕೈ ಕಟ್ಕೊಂಡು ನಿಲ್ಬೇಕಾ?"

"ನಿಮ್ ಹಿತ್ತಲಲ್ಲಿ ಏನೂ ಇಲ್ವಲ್ಲ. ಎಲ್ಲಾ ಕಿತ್ತಾಕಿದೀರಿ. ಹೆದ್ರಿಕೆ ಯಾತಕ್ಕೆ?"

ಯಜಮಾನಂಗೆ ಮುಖ ಕೆಂಪಾಯ್ತು. "ಆಗ್ಲಿ. ಇವತ್ತಿಂದ ನಿನ್ ಹೊಲಕ್ಕೆ ಮುಯ್ಯಾಳು ಇಲ್ಲ" ಅಂದ.

ಮುಯ್ಯಾಳು ಅಂದ್ರೆ ಇವತ್ತು ನಿನ್ ಹೊಲಕ್ಕೆ ನಾನು, ನಾಳೆ ನನ್ ಹೊಲಕ್ಕೆ ನೀನು. ಅದಿಲ್ದೆ ಆ ಕಾಲದಲ್ಲಿ ಯಾರ ರಾಗೀನೂ ಮನೆ ಸೇರ್ತಿರಲಿಲ್ಲ. ಅದು ಗೊತ್ತಿದ್ದೂ ರೈತ ಅಂದ, "ಬ್ಯಾಡ ಹೋಗ್ರಿ. ನಂಗೂ ಎರಡು ಕೈ ಐತೆ."

ಇಲ್ಲೀಗಂಟ ಅವನು ಮಾಡಿದ್ದು ಸರಿ. ನಾನಾಗಿದ್ರೂ ಇದನ್ನೇ ಅಂತಿದ್ದೆ. ಇನ್ನೆರಡು ಮಾತು ಜಾಸ್ತೀನೇ ಅಂತಿದ್ದೆ.

ಮಾರ್ನೇ ದಿನ ಅವನೊಂದು ಕೆಲಸ ಮಾಡ್ದ. ಗಿಡ ಮರೆಯಲ್ಲಿ ಇರಬಾರ್ದು, ದಾರೀಲಿ ಹೋಗೋ ಪ್ರತಿಯೊಬ್ರ ಕಣ್ಣಿಗೂ ಚುಚ್ಬೇಕು ಅಂತ, ಸುತ್ತ ಇದ್ದ ತೊಗರಿ ಗಿಡ ಅಷ್ಟೂ ಕಿತ್ತ. ಹುಲ್ಲು ಕೆತ್ತಿದ. ನೆಲಾನ ಅಂಗೈ ಹಂಗೆ ಸಾಪು ಮಾಡ್ದ. ನಡುವೆ ಗಂಧ ಒಂದೇ ನಿಲ್ತು. ಸುತ್ತ ಕಾರೆ ಮುಳ್ಳು ಹಾಕ್ದ. ಬುಡಕ್ಕೆ ಗೊಬ್ಬರ ಹಾಕ್ದ. ದಿನಾ ಎರಡು ಕೊಡ ನೀರು ಹುಯ್ದ. ಹುಯ್ದು, ದಾರಿ ಕಡೆ ತಿರುಗಿ ಮೀಸೆ ತಿರುವ್ತಿದ್ದ.

ತಿಂಗಳಿಗೆ ಎಲೆ ಹಳದಿ ಆಯ್ತು. ಇವನು ಮೂರು ಕೊಡ ಹುಯ್ದ. ತುದಿ ಎಲೆ ಉದುರ್ತು. ಇನ್ನೊಂದು ಮಂಕ್ರಿ ಗೊಬ್ಬರ ಹಾಕ್ದ. ಇನ್ನೂ ನಾಕು ಎಲೆ ಉದುರ್ತು. ಅತ್ಲಾಗೆ ಹೊಲದಲ್ಲಿ ಗಂಡ ಹೆಂಡ್ತಿ ಇಬ್ರೇ ಬಗ್ಗಿ ಬಗ್ಗಿ ಸೊಂಟ ಹೋಯ್ತು. ಅರ್ಧ ಹೊಲ ಕಳೆ ತುಂಬ್ಕೊಂಡು ರಾಗಿ ಕಾಣದಂಗಾಯ್ತು.

ಊರೋರು ಬೇಲಿ ಆಚೆ ನಿಂತು ನಗ್ತಿದ್ರು. "ಸರ್ಕಾರದ ಗಿಡಕ್ಕೆ ನಿನ್ ನೀರು ಒಗ್ತಾ ಇಲ್ಲ ಕಣೋ" ಅಂತಿದ್ರು. "ನಾವು ಕೀಳೋದ್ ಬ್ಯಾಡ, ಇವನೇ ಸಾಯಿಸ್ತಾನೆ ಬಿಡ್ರೋ" ಅಂತಿದ್ರು.

ಒಂದಿನ ಗಿಡದಲ್ಲಿ ಏಳು ಎಲೆ ಉಳಿದಿತ್ತು. ಹೆಂಡ್ತಿ ಗಂಡನ ಪಕ್ಕ ಬಂದು ನಿಂತ್ಳು.

"ಯಜಮಾನನ ಅಕ್ಕನ್ನ ಕೇಳು" ಅಂದ್ಳು.

ಯಜಮಾನನ ಅಕ್ಕ ಅಂದ್ರೆ ಊರಲ್ಲಿ ಕಳೆ ಕೀಳೋ ಹೆಂಗಸ್ರ ಸಾಲಿಗೆ ಮುಂದಾಳು. ಅರವತ್ತು ವರ್ಷದಿಂದ ಅವಳ ಕೈ ಮಣ್ಣಲ್ಲೇ ಇತ್ತು.

"ಅವಳನ್ನ್ಯಾಕೆ ಕೇಳ್ಲಿ?"

"ಊರಾಗೆ ಗಂಧದ ಸಸೀನ ಎಲ್ರಿಗಿಂತ ಜಾಸ್ತಿ ನೋಡಿರೋಳು ಅವಳೇ. ಯಾಕಂದ್ರೆ ಎಲ್ರಿಗಿಂತ ಜಾಸ್ತಿ ಕಿತ್ತಿರೋಳೂ ಅವಳೇ."

"ಆ ಮನೆ ಬಾಗ್ಲಿಗೆ ಹೋಗ್ಲಾ ನಾನು? ಸೋತ್ ಬಂದ ಅನ್ನಲ್ವಾ?"

"ಅಂತಾರೆ. ಹೋಗದಿದ್ರೆ ಬ್ಯಾಡ ಬಿಡು. ಗಿಡ ಒಣಗ್ಲಿ. ನಿನ್ ಮೀಸೆ ಐತಲ್ಲ, ಅದಕ್ಕೇ ದಿನಾ ಮೂರು ಕೊಡ ಹುಯ್ಕೋ" ಅಂತಂದು ಅವಳು ಒಳಕ್ಕೆ ಹೋದ್ಳು.

ರೈತ ಆ ದಿನ ಪೂರ್ತಿ ಗಿಡದ ಮುಂದೆ ಕೂತಿದ್ದ. ಸಂಜೆ ಆಗೋ ಹೊತ್ತಿಗೆ ಇನ್ನೊಂದು ಎಲೆ ಬಿತ್ತು. ಅವನು ಎದ್ದ. ಟವಲ್ ಕೊಡವಿ ಹೆಗಲ್ ಮೇಲೆ ಹಾಕ್ಕೊಂಡ. ಊರ ಮಧ್ಯದ ಬೀದೀಲೇ, ಎಲ್ರೂ ನೋಡ್ತಿದ್ದಂಗೇ, ಯಜಮಾನನ ಮನೆಗೆ ನಡೆದ.

ಯಜಮಾನ ಜಗಲಿ ಮೇಲೆ ಇದ್ದ. ನಾಲ್ಕು ಜನ ಅಲ್ಲೇ ಇದ್ರು.

"ಬಂದ್ಯಾ? ಕೀಳಾಕ್ ಒಪ್ಕೊಂಡ್ಯಾ?" ಅಂದ ಯಜಮಾನ.

"ಇಲ್ಲ. ಉಳಿಸೋದು ಹೆಂಗೆ ಅಂತ ಕೇಳಾಕ್ ಬಂದೆ. ನಿನ್ನನ್ನಲ್ಲ, ನಿಮ್ಮಕ್ಕನ್ನ."

ಜಗಲಿ ಮೇಲಿದ್ದೋರಿಗೆ ನಗೋದಾ ಬೈಯೋದಾ ತಿಳೀಲಿಲ್ಲ. ಒಳಗಿಂದ ಮುದುಕಿ ನಕ್ಕಿದ್ದು ಕೇಳಿಸ್ತು. ಅವಳು ಬಾಗ್ಲಿಗೆ ಬಂದು ನಿಂತ್ಳು.

"ತೊಗರಿ ಕಿತ್ತೆ ಅಲ್ವೇನೋ?" ಅಂದ್ಳು.

"ಕಿತ್ತೆ."

"ಹುಲ್ಲೂ?"

"ಅದನ್ನೂ."

"ಅಯ್ಯೋ ಮುಠ್ಠಾಳ. ಅದರ ತಟ್ಟೇನೇ ಕಿತ್ಕೊಂಡಿದೀಯಲ್ಲೋ. ನಾನು ಈ ಕೈಲಿ ಕಿತ್ತಿರೋ ಗಂಧಕ್ಕೆ ಲೆಕ್ಕ ಇಲ್ಲ. ಒಂದಾದ್ರೂ ಒಂಟಿಯಾಗಿ ಬಂದಿದ್ದಿಲ್ಲ. ಎಳುದ್ರೆ ಪಕ್ಕದ ಗಿಡಾನೂ ಅಲ್ಲಾಡ್ತಿತ್ತು. ಬೇರು ನೋಡಿದ್ರೆ ತೊಗರಿ ಬೇರನ್ನೋ ಹುಲ್ಲಿನ ಬೇರನ್ನೋ ಬಾಯಲ್ಲಿ ಕಚ್ಕೊಂಡಿರ್ತಿತ್ತು. ಮಗಾ ಮೊಲೆ ಕಚ್ದಂಗೆ. ಅದು ಬದುಕೋದೇ ಹಂಗೆ. ನೀನು ಅದನ್ನ ಒಂಟಿ ನಿಲ್ಲಿಸಿ ಮೆರವಣಿಗೆ ಮಾಡ್ತಿದೀಯಾ."

ಮುದುಕಿ ಒಳಕ್ಕೋಗಿ ಸೆರಗಲ್ಲಿ ತೊಗರಿ ಬೀಜ ತಂದ್ಳು. ಯಜಮಾನ ಎದ್ ನಿಂತ. "ಅಕ್ಕ, ಕೊಡಬ್ಯಾಡ" ಅಂದ.

"ಕೂತ್ಕೊಳೋ. ನಿಂಗ್ ಅನ್ನ ಕಲಸಿ ಹಾಕಿ ಬೆಳೆಸ್ದೋಳು ನಾನು" ಅಂದ್ಳು ಮುದುಕಿ. ಬೀಜಾನ ರೈತನ ಟವಲ್ಲಿಗೆ ಸುರುದ್ಳು. "ಬುಡದ ಸುತ್ತ ಹಾಕು. ನೀರು ಕಮ್ಮಿ ಮಾಡು. ಹುಲ್ಲು ಬಂದ್ರೆ ಬರ್ಲಿ. ಮುಂದಿನ ಮಳೆಗೆ ನಾಕು ಮಾರು ದೂರದಲ್ಲಿ ಒಂದು ಹೊಂಗೆ ನೆಡು. ದೊಡ್ಡದಾದ ಮೇಲೆ ಅದಕ್ಕೆ ತೊಗರಿ ಸಾಲಲ್ಲ."

ರೈತ ಬೀಜ ತಗೊಂಡ. ಕೈ ಮುಗಿದ. ಯಜಮಾನನ ಕಡೆ ತಿರುಗಿ, "ಗಿಡ ಕೀಳಲ್ಲ ಕಣಯ್ಯ. ನಾಳೆ ನಿನ್ ಹೊಲದಲ್ಲಿ ಕಳೆ ಐತೆ ಅಂತ ಕೇಳ್ದೆ. ನೀನ್ ಕರೆದ್ರೂ ಬತ್ತೀನಿ, ಕರೀದಿದ್ರೂ ಬತ್ತೀನಿ. ನಿನ್ ಕೈಲಾದ್ರೆ ಆಚೆಗ್ ಹಾಕು" ಅಂದು ಹೊರಟ.

ಮಾರ್ನೇ ಬೆಳಿಗ್ಗೆ ಹೋದ. ಸಾಲಿನ ತುದೀಲಿ ಕೂತು ಕಳೆ ಕಿತ್ತ. ಯಾರೂ ಮಾತಾಡಿಸ್ಲಿಲ್ಲ. ಯಾರೂ ಎಬ್ಬಿಸ್ಲೂ ಇಲ್ಲ. ಕಳೆ ಮಧ್ಯ ಗಂಧದ ಸಸಿ ಸಿಕ್ಕಿದಾಗ ಅದನ್ನ ಬಿಟ್ಟು ಮುಂದಕ್ಕೆ ಸರಿದ. ಪಕ್ಕದಲ್ಲಿದ್ದೋನು ಬಗ್ಗಿ ಅದನ್ನ ಕಿತ್ತ. ಇವನು ಅವನ ಮುಖ ನೋಡಿ ನಕ್ಕು, ಮುಂದಿನ ಕಳೆಗೆ ಕೈ ಹಾಕ್ದ.

ಆ ವರ್ಷ ಅವನ ಹೊಲಕ್ಕೆ ಒಬ್ರೂ ಬರಲಿಲ್ಲ. ಇವನು ಮಾತ್ರ ಎಲ್ರ ಹೊಲಕ್ಕೂ ಹೋದ. ಎರಡನೇ ವರ್ಷ ಮುದುಕಿ ಕುಡ್ಲು ಹಿಡ್ಕೊಂಡು ಅವನ ಹೊಲಕ್ಕೆ ಬಂದ್ಳು. ಅವಳ ಹಿಂದೆ ಮೂರು ಜನ ಹೆಂಗಸ್ರು ಬಂದ್ರು. ಗಾರ್ಡೂ ಒಂದಿನ ಬಂದ. ಗಿಡ ನೋಡ್ದ, ಮಜ್ಜಿಗೆ ಕುಡ್ದ, ಹೋದ. ತೊಗರಿ ಎದ್ದ ಮೇಲೆ ಗಂಧ ಚಿಗುರಿತ್ತು. ಹೊಂಗೆ ಎದ್ದ ಮೇಲೆ ಮನೆ ಸೂರಿನ ಮಟ್ಟ ದಾಟಿತ್ತು.

ಇಷ್ಟು ಹೇಳಿ ನಾನು ಎಲೆಅಡಿಕೆ ಚೀಲ ತೆಗುದೆ.

ಚಿಕ್ಕತಾಯಿ ಡಬ್ಬಿಯಲ್ಲಿದ್ದ ಮುದ್ದೆ ಅರ್ಧ ಹಂಗೇ ಇತ್ತು.

"ಕೊನೆಗಾದ್ರೂ ಊರೋರು ಒಪ್ಕೊಂಡ್ರಾ ತಾತ? ನೀನೇ ಸರಿ ಕಣಪ್ಪ ಅಂದ್ರಾ?"

"ಇಲ್ಲ. ಯಜಮಾನ ಸಾಯೋಗಂಟ ಕಿತ್ತಾಕು ಅಂತ್ಲೇ ಇದ್ದ."

"ಅಂಗಾದ್ರೆ ಅವನು ಸರಿ ಅಂತ ಯಾರ್ ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

"ಮತ್ತೆ ಇದ್ಯಾವ ಕತೆ ತಾತ? ನಾನ್ ಕೇಳಿದ್ಕೆ ಉತ್ರ ಎಲ್ಲೈತೆ?"

ಬೇಲಿ ಹತ್ರ ಹೆಂಗಸ್ರು ಊಟ ಮುಗ್ಸಿ ಕೈ ತೊಳೀತಿದ್ರು. ನಾನು ಎಲೆಗೆ ಸುಣ್ಣ ಹಚ್ಚಿ, ಅವಳ ಮುಖ ನೋಡಿ ಅಂದೆ:

"ನಿಂಗೆ ಉಳೀಬೇಕಾಗಿರೋದು ಆ ಸಸಿಗಳಾ, ನಿನ್ ಮಾತಾ?"