ಬೀಸುಕಲ್ಲಿಗೆ ಕುಳಿತ ಮಾಸ್ತರು

ಎಡದಂಡೆ ಕಾಲುವೆಯ ಕೆಳಗಿನ ಹಿರೇಬಗನಾಳದಲ್ಲಿ ಮಾತೋಶ್ರೀ ಗುರುಸಿದ್ಧವ್ವನವರ ಮಠವೆಂದರೆ ಮಣ್ಣಿನ ಮಾಳಿಗೆಯ ಎರಡು ಅಂಕಣ, ಮುಂದೊಂದು ಪಡಸಾಲೆ, ಅದರಲ್ಲಿ ನಾಲ್ಕು ಬೀಸುಕಲ್ಲು, ಅಷ್ಟೇ. ಪಲ್ಲಕ್ಕಿಯಿಲ್ಲ, ಪಾದಪೂಜೆಯಿಲ್ಲ. ಅಮ್ಮನವರು ಲಿಂಗಪೂಜೆ ಮುಗಿಸಿ ಗೋಣಿತಟ್ಟಿನ ಮೇಲೆ ಕುಳಿತರೆ ಅದೇ ಪೀಠ.

ಬಂಗಾಲದ ಕಡೆ ಮನೆಮಾರು ಕಳೆದುಕೊಂಡು ಓಡಿಬಂದವರಿಗೆ ಸರಕಾರ ಊರಾಚೆ ಕ್ಯಾಂಪು ಹಾಕಿತು. ಹೊಲ ಕೊಟ್ಟಿತು, ಗುಡಿಸಲು ಕೊಟ್ಟಿತು. ಅವರ ಮಕ್ಕಳಿಗೆ ಕನ್ನಡ ಕೊಡುವವರು ಯಾರು? ನಮ್ಮೂರ ಜನ ಆ ಮಕ್ಕಳನ್ನು ಕಂಡರೆ ಮೀನು ತಿನ್ನುವವರೆಂದು ಮೂಗು ಮುಚ್ಚಿಕೊಂಡರು. ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಮುಚ್ಚಿಟ್ಟರೆ ಅಮ್ಮನವರ ಕಥೆ ಅರ್ಧವಾದೀತು. ಆ ಮಕ್ಕಳನ್ನು ಶಾಲೆಗೆ ಸೇರಿಸಿದವರು ಅಮ್ಮನವರು, ಪಾಲಕರ ಜಾಗದಲ್ಲಿ ಸಹಿ ಹಾಕಿದವರೂ ಅವರೇ.

ಶಾಲೆ ಬಿಟ್ಟೊಡನೆ ಮಕ್ಕಳು ಮಠಕ್ಕೆ ಬರುತ್ತಿದ್ದರು. ಬಂದವರು ಮೊದಲು ಪಾಟಿ ಬಳಪ ಹಿಡಿಯುವಂತಿರಲಿಲ್ಲ. ಇಬ್ಬಿಬ್ಬರು ಎದುರುಬದುರು ಕುಳಿತು ಒಂದೊಂದು ಸೇರು ಜೋಳ ಬೀಸಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳು ಅತ್ತೆಯ ಕಾಟ, ತವರಿನ ನೆನಪು ಎಲ್ಲವನ್ನೂ ಕಲ್ಲಿನ ಮುಂದೆ ಹಾಡಿಕೊಂಡು ಹಗುರಾದವರಲ್ಲವೇ? ಹಾಗೆಯೇ ಈ ಮಕ್ಕಳೂ ಹೊಟ್ಟೆಯಲ್ಲಿದ್ದುದನ್ನು ತಮ್ಮ ಮಾತಿನಲ್ಲೇ ಕಲ್ಲಿಗೆ ಹೇಳಬೇಕು. ಅಳುವವರು ಅಳಬಹುದು, ಬೈಯುವವರು ಬೈಯಬಹುದು. ಅರ್ಥ ಏನೆಂದು ಯಾರೂ ಕೇಳಬಾರದು. ಹಿಟ್ಟಾದ ಮೇಲೆ ರೊಟ್ಟಿ, ರೊಟ್ಟಿಯಾದ ಮೇಲೆ ಅಕ್ಷರ, ಲೆಕ್ಕ. ಊರ ಬುದ್ಧಿವಂತರು ಇದನ್ನು ನೋಡಿ ನಕ್ಕರು. ಅಮ್ಮನವರು ಅತ್ತ ತಿರುಗಿಯೂ ನೋಡಲಿಲ್ಲ.

ಒಂದು ಸಂಜೆ ಶಾಲೆಯ ಹೆಡ್ ಮಾಸ್ತರು ಅಮರಗುಂಡಪ್ಪನವರು ಹಣೆಗೆ ಪಟ್ಟಿ ಕಟ್ಟಿಕೊಂಡು ಮಠಕ್ಕೆ ಬಂದರು. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂದಂತೂ ಮೈಯೆಲ್ಲ ಉರಿಯುತ್ತಿತ್ತು. ನಾಲ್ಕನೇ ಇಯತ್ತೆಯ ಪಾರುಲ್ ಎಂಬ ಕ್ಯಾಂಪಿನ ಹುಡುಗಿ ಮುಂಜಾನೆ ಹಾಜರಿ ಕರೆಯುವಾಗ ಎದ್ದು ನಿಂತು ಪಾಟಿ ಬೀಸಿ ಒಗೆದಿದ್ದಳು. ಹಣೆ ಒಡೆದು ರಕ್ತ ಬಂತು. ಅದಕ್ಕಿಂತ ಹೆಚ್ಚಾಗಿ, ಇಡೀ ವರ್ಗ ನಕ್ಕಿತ್ತು. ಅವಳ ಹೆಸರು ಹೊಡೆದುಹಾಕುವ ಕಾಗದ ಬರೆದುಕೊಂಡೇ ಬಂದಿದ್ದರು; ಪಾಲಕರ ಸಹಿಯೊಂದು ಬೇಕಿತ್ತು. ಹೆಸರು ಹೋದರೆ ಆ ಹುಡುಗಿಗೆ ಸುತ್ತ ಹತ್ತು ಹರದಾರಿಯಲ್ಲಿ ಬೇರೆ ಶಾಲೆಯಿಲ್ಲವೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದರು.

ನಿಂತಲ್ಲೇ ಅವರು ಎಲ್ಲವನ್ನೂ ಒದರಿದರು. ಕನ್ನಡ ಬಾರದ ಮಕ್ಕಳನ್ನು ತಂದು ತಮ್ಮ ತಲೆಗೆ ಕಟ್ಟಿದ್ದು, ಅವರಿಂದ ಶಾಲೆಯ ಹೆಸರು ಕೆಟ್ಟದ್ದು, ಬೀಸುಕಲ್ಲಿನ ಮುಂದೆ ಬೈಗುಳ ಕಲಿಸಿದರೆ ಮಕ್ಕಳು ಪಾಟಿ ಎಸೆಯದೆ ಹೂವು ಎಸೆಯುತ್ತಾರೆಯೇ ಎಂಬುದು, ಒಂದನ್ನೂ ಬಿಡಲಿಲ್ಲ. ಅಮ್ಮನವರು ಪೂರ್ತಿ ಕೇಳಿದರು. ಆಮೇಲೆ ಖಾಲಿಯಿದ್ದ ಕಲ್ಲನ್ನು ತೋರಿಸಿದರು.

"ಸಹಿ ಮಾಡ್ತೀನಿ ಮಾಸ್ತರ. ಮೊದ್ಲ ಒಂದು ಸೇರು ಬೀಸ್ರಿ."

ಮಾಸ್ತರು ಹಾವು ತುಳಿದವರಂತೆ ಹಿಂದೆ ಸರಿದರು. ಗಂಡಸು, ಅದೂ ಹೆಡ್ ಮಾಸ್ತರು, ಹೆಂಗಸರ ಕಲ್ಲಿಗೆ ಕೂಡುವುದೇ? ಊರಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ಆದರೆ ಅಮ್ಮನವರು ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳುವವರಲ್ಲ. ಸಹಿಯ ಆಸೆಗೆ ಮಾಸ್ತರು ಧೋತರ ಎತ್ತಿಕಟ್ಟಿ ಕುಳಿತರು.

ಎದುರಿಗೆ ಬಂದು ಕುಳಿತವಳು ಪಾರುಲ್. ಹತ್ತು ವರ್ಷದ, ಕಡ್ಡಿಯಂಥ ಹುಡುಗಿ. ಇಬ್ಬರೂ ಒಂದೇ ಗೂಟ ಹಿಡಿದರು. ಮಾಸ್ತರು ಸಿಟ್ಟಿನಿಂದ ಎಳೆದರೆ ಅವಳು ಅದಕ್ಕಿಂತ ಸಿಟ್ಟಿನಿಂದ ಎಳೆದಳು. ಜೋಳ ನುಚ್ಚುನುಚ್ಚಾಗಿ ಚೆಲ್ಲಿತು. ಅವಳು ಮೊದಲು ತನ್ನ ಮಾತಿನಲ್ಲಿ ಏನೇನೋ ಹೇಳಿದಳು. ಆಮೇಲೆ ತಲೆ ಎತ್ತಿ ಮಾಸ್ತರನ್ನೇ ನೋಡುತ್ತ, ಅವರಿಗೆ ತಿಳಿಯಲೆಂದೇ, ಬಂದಷ್ಟು ಕನ್ನಡದಲ್ಲಿ ಹೇಳಿದಳು.

"ಹದಿನೇಳು ನಾ ಅಲ್ಲ. ಹದಿನೇಳು ನನ್ ತಮ್ಮ. ಹದಿನೇಳು ಅಂತ ಕೂಗಿದ್ರು, ಎತ್ಕೊಂಡ್ ಹೋದ್ರು. ಹೆಸರು ಯಾರೂ ಹೇಳ್ಲಿಲ್ಲ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕ್ಯಾಂಪಿನ ಮಕ್ಕಳ ಹೆಸರಿನ ಯಾದಿ ಕೈಗೆ ಬಂದಾಗ ಮಾಸ್ತರು ನಮ್ಮ ಪದ್ಧತಿಯಂತೆ ಕೊನೆಯಲ್ಲಿರುವುದೇ ಕೂಸಿನ ಹೆಸರೆಂದು ತಿಳಿದರು. ನೋಡಿದರೆ ಇಪ್ಪತ್ತೆರಡು ಮಂಡಲ್, ಹನ್ನೊಂದು ಬಿಸ್ವಾಸ್! ಅವು ಮನೆತನದ ಹೆಸರುಗಳೆಂದು ಒಬ್ಬರನ್ನು ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಬೇಸರಪಟ್ಟು ಎಲ್ಲರಿಗೂ ಒಂದೊಂದು ನಂಬರು ಕೊಟ್ಟುಬಿಟ್ಟರು. ದಾರಿಯಲ್ಲಿ ಈ ಜನರನ್ನು ಕೂಡಿಹಾಕಿದ್ದ ಡೇರೆಗಳಲ್ಲಿ ಕಾಲರಾ ಬಂದಾಗಲೂ ನಂಬರೇ ಇತ್ತು. ಮುಂಜಾನೆ ಒಬ್ಬ ಬಂದು ಸತ್ತವರ ನಂಬರು ಕೂಗಿ ಹೆಣ ಒಯ್ಯುತ್ತಿದ್ದ. ಶಾಲೆಯಲ್ಲಿ ಆರು ತಿಂಗಳು ಪಾರುಲ್ ಹದಿನೇಳು ಎಂದರೆ ಏನೆಂದು ತಿಳಿಯದೆಯೇ ಕೈ ಎತ್ತಿದ್ದಳು. ಹಿಂದಿನ ಸಂಜೆಯಷ್ಟೇ ಅಮ್ಮನವರು ಹುಣಸೆ ಬೀಜ ಇಟ್ಟು ಕನ್ನಡದಲ್ಲಿ ಇಪ್ಪತ್ತರವರೆಗೆ ಎಣಿಸುವುದನ್ನು ಕಲಿಸಿದ್ದರು. ಮರುದಿನ ಮುಂಜಾನೆ ಮಾಸ್ತರು ಹದಿನೇಳು ಎಂದರು, ಅದು ತಮ್ಮನ ನಂಬರೆಂದು ಅವಳಿಗೆ ತಿಳಿಯಿತು.

ಮಾಸ್ತರ ಕೈ ಗೂಟದ ಮೇಲೇ ನಿಂತಿತು. ಆದರೂ ಸಿಟ್ಟು ಇಳಿಯಲಿಲ್ಲ. ತಮಗೇನು ಕನಸು ಬಿದ್ದಿತ್ತೇ ಎಂದು ಗೊಣಗಿದರು. ಆಗ ಅಮ್ಮನವರು ಮೊದಲ ಬಾರಿಗೆ ದನಿ ಎತ್ತರಿಸಿದರು. ಅವರ ಕಣ್ಣು ಕೆಂಪಾದುದನ್ನು ಮಠದ ಮಕ್ಕಳು ಅಂದೇ ಕಂಡದ್ದು.

"ಮಾಸ್ತರ, ನಿಮ್ಮೂರು ಡ್ಯಾಮಿನ್ಯಾಗ ಮುಳುಗಿದ ಮ್ಯಾಲ ಸಾಲ್ಯಾಗ ನಿಮ್ಮನ್ನ ಏನಂತ ಕರೀತಿದ್ರು?"

ಮಾಸ್ತರಿಗೆ ಅದೆಲ್ಲ ನೆನಪಾಯಿತು. ಹನ್ನೆರಡನೇ ವಯಸ್ಸಿನಲ್ಲಿ ಹಾಸಿಗೆ ಸುತ್ತಿಕೊಂಡು, ನೀರಿನಲ್ಲಿ ಇಳಿಯುತ್ತಿದ್ದ ಮನೆಯನ್ನು ತಿರುತಿರುಗಿ ನೋಡುತ್ತ ಬಂದದ್ದು. ಹೊಸ ಊರಿನ ಶಾಲೆಯಲ್ಲಿ ಮೂರು ವರ್ಷ ಒಬ್ಬರೂ ಅಮರಗುಂಡ ಎನ್ನದೆ ಹೋದದ್ದು. ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದ ಮಾತು.

"ಏ ಮುಳುಗಡೆ, ಅಂತಿದ್ರು ಅವ್ವಾರ."

"ಆ ಸಿಟ್ಟು ಖರೆ ಸಿಟ್ಟು. ಅದನ್ನ ತಂದು ಈ ಕೂಸಿನ ಮ್ಯಾಲ ಹಾಕೀರಿ. ಬೀಸ್ರಿ ಈಗ."

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತೇವೆ, ನಕ್ಕು ಬಿಡುತ್ತೇವೆ. ಕೊತ್ತಿಗೆ ಎಷ್ಟು ಪೆಟ್ಟಾಯಿತೆಂದು ಯಾರು ನೋಡಿದ್ದಾರೆ? ಮಾಸ್ತರು ಅಂದು ನೋಡಿದರು. ಬೀಸಿದರು. ಬೀಸುತ್ತ ಬೀಸುತ್ತ ಆ ಹಳೆಯ ಶಾಲೆಯವರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಬೈದರು, ಅತ್ತರು. ಅರ್ಥ ಏನೆಂದು ಯಾರೂ ಕೇಳಲಿಲ್ಲ. ಪಾರುಲ್ ಮಾತ್ರ ಕಲ್ಲಿನ ಬಾಯಿಗೆ ಹಿಡಿ ಹಿಡಿ ಜೋಳ ಹಾಕುತ್ತ ಹೋದಳು. ಹಿಟ್ಟು ನುಣ್ಣಗೆ ಬಂತು. ಅದೇ ಹಿಟ್ಟಿನ ರೊಟ್ಟಿಯನ್ನು ಇಬ್ಬರೂ ತಿಂದರು. ಕಾಗದ ಒಲೆಗೆ ಹೋಯಿತು.

ಆಮೇಲೆ ಮಾಸ್ತರು ಅವಳ ತಮ್ಮನ ಹೆಸರು ಕೇಳಿದರು. ನಿತಾಯ್ ಎಂದಳು. ಅವರು ಎರಡು ಸಲ ತಪ್ಪಾಗಿ ಅಂದರು. ಅವಳು ಎರಡು ಸಲವೂ ತಿದ್ದಿದಳು.

ಮರುದಿನ ಹಣೆಯ ಪಟ್ಟಿಯೊಡನೆಯೇ ಅವರು ಹಾಜರಿ ಪುಸ್ತಕ ಹಿಡಿದು ನಿಂತರು. ಮೂವತ್ಮೂರು ಹೆಸರುಗಳನ್ನೂ ಮಕ್ಕಳಿಂದಲೇ ಕೇಳಿ ಹೊಸದಾಗಿ ಬರೆದಿದ್ದರು. ಪಾರುಲ್ ಎಂದು ಕರೆದಾಗ ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದರು. ಅವಳು ದುರುಗುಟ್ಟಿ ನೋಡಿದಳು. ಮಾಸ್ತರು ಗದರಲಿಲ್ಲ, ಮುಂದಿನ ಹೆಸರಿಗೂ ಹೋಗಲಿಲ್ಲ, ಕಾದರು. ಮೂರನೆಯ ಸಲ ಕರೆದಾಗ ಅವಳು ಎದ್ದು ನಿಂತು, "ಹಾಜರ್ ರೀ" ಎಂದಳು.

ನಿವೃತ್ತರಾಗುವವರೆಗೂ ಮಾಸ್ತರು ಸಂಜೆ ಮಠಕ್ಕೆ ಬಂದು ಆ ಮಕ್ಕಳಿಗೆ ಪಾಠ ಹೇಳಿದರು, ಮೊದಲು ಒಂದು ಸೇರು ಬೀಸಿದ ಮೇಲೆ. ಅಮ್ಮನವರ ಕೃಪೆಯಿಂದ ಸಿಟ್ಟು ಹೋಯಿತೇ ಎಂದು ಯಾರೋ ಭಕ್ತರು ಕೇಳಿದಾಗ ಅವರು ಗೂಟ ಹಿಡಿದು ಹಿಡಿದು ಕೈಗೆ ಬಿದ್ದ ದಡ್ಡು ತೋರಿಸಿದರಂತೆ.

"ಎಲ್ಲಿ ಹೋಗ್ತದ್ರೀ? ದಿನಾ ಬೀಸ್ತೀನಿ."