ಹದಿನಾಲ್ಕು ಎಂದ ಮುಳ್ಳು

“ಗುರುಗಳೇ, ನನಗಿಂತ ಮೊದಲು ಮೂವರು ಬಲ್ಲವರು ಒಂದೇ ಮಾತು ಹೇಳಿದ್ದಾರೆ. ನಾಲ್ಕನೆಯವನಾಗಿ ನಾನೂ ಅದನ್ನೇ ಹೇಳಿದರೆ ತಪ್ಪೇನು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಅಳೆಯುವ ಸಾಧನವನ್ನು ಪರೀಕ್ಷಿಸದೆ ಅಳೆದ ವಸ್ತುವನ್ನು ತಿದ್ದಬಾರದು. ಇದು ನಿಯಮ. ಈ ಕತೆಯಲ್ಲಿ ಬರುವ ಕೆಲಸಗಾರರಿಗೆಲ್ಲ ಇದು ಗೊತ್ತಿತ್ತು. ಒಬ್ಬನಂತೂ ತನ್ನ ಗ್ಯಾರೇಜಿನ ಗೋಡೆಯ ಮೇಲೆ ಇದನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದ. ಅದರ ಮೇಲೆ ಅಂಗಿ ನೇತುಹಾಕುತ್ತಿದ್ದ.

ಒಂದೂರಿನಲ್ಲಿ ಒಬ್ಬನ ಬಳಿ ಟರ್ಬೊ ಇರುವ ಕಾರಿತ್ತು. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ನಿಗೇ ಗಾಳಿ ತುಂಬುವ ಚಕ್ರ. ಗಾಳಿಯ ಒತ್ತಡ ಹೆಚ್ಚಿದಷ್ಟೂ ಬಲ ಹೆಚ್ಚು. ಮಿತಿ ಮೀರಿದರೆ ಎಂಜಿನ್ ಒಡೆಯುತ್ತದೆ. ಮಿತಿ ಕಾಯಲು ಒಂದು ಸಣ್ಣ ಬಾಗಿಲಿದೆ. ಒತ್ತಡ ಸಾಕಾದ ಕೂಡಲೇ ಅದು ತೆರೆದು ಹೊಗೆಯನ್ನು ಬೇರೆ ದಾರಿಗೆ ಬಿಡುತ್ತದೆ. ಕಂಪನಿ ಕೊಟ್ಟ ಟರ್ಬೊ ಸಾಲದೆಂದು ಈತ ದೊಡ್ಡದನ್ನು ಹಾಕಿಸಿದ್ದ. ಒತ್ತಡ ನೋಡಲು ಸ್ಟೀರಿಂಗಿನ ಪಕ್ಕದಲ್ಲಿ ಒಂದು ಮೀಟರನ್ನೂ ಕೂರಿಸಿದ್ದ. ಹದಿನೈದು ಪೌಂಡ್ ಅವನ ಗುರಿ. ಅದಕ್ಕಿಂತ ಹೆಚ್ಚನ್ನು ಆ ಎಂಜಿನ್ ಬಹಳ ದಿನ ತಾಳುವಂತಿರಲಿಲ್ಲ.

ಭಾನುವಾರ ಘಟ್ಟದ ರಸ್ತೆಯಲ್ಲಿ ಸ್ಪರ್ಧೆಯಿತ್ತು. ಕಾರು ಓಡಿಸುವವನು ಅವನು. ಪಕ್ಕದಲ್ಲಿ ಕುಳಿತು ತಿರುವುಗಳನ್ನು ಓದಿ ಹೇಳುವವಳು ಅವನ ತಂಗಿ. ತಿರುವಿನಲ್ಲಿ ಎಂಜಿನ್ ಒಡೆದರೆ ಎಣ್ಣೆ ಚೆಲ್ಲುವುದು ತಮ್ಮದೇ ಚಕ್ರದ ಕೆಳಗೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸ್ಪರ್ಧೆಗೆ ಎಂಟು ದಿನ ಇರುವಾಗ ಮೀಟರಿನ ಮುಳ್ಳು ಹತ್ತಕ್ಕಿಂತ ಮೇಲೆ ಏರಲಿಲ್ಲ.

ಮೊದಲನೆಯ ಮೆಕ್ಯಾನಿಕ್, ಆ ಸಣ್ಣ ಬಾಗಿಲು ತಡವಾಗಿ ತೆರೆಯಲೆಂದು, ಅದರ ಕಡ್ಡಿಯ ನಟ್ಟನ್ನು ಬಿಗಿ ಮಾಡಿದ. ಮುಳ್ಳು ಹನ್ನೊಂದಕ್ಕೆ ಬಂತು. ಎರಡನೆಯವನು, “ಅವರು ಮಾಡಿದ್ದು ಸರಿಯೇ, ಸಾಲದು ಅಷ್ಟೆ” ಎಂದು ಹೇಳಿ ಬಾಗಿಲಿನ ಸ್ಪ್ರಿಂಗನ್ನೇ ಬದಲಿಸಿ ಗಟ್ಟಿಯದನ್ನು ಹಾಕಿದ. ಹನ್ನೆರಡೂವರೆ. ಮೂರನೆಯವನು ಲ್ಯಾಪ್‌ಟಾಪ್ ತೆರೆದು, ಬಾಗಿಲನ್ನು ಇನ್ನೂ ತಡವಾಗಿ ತೆರೆಯುವಂತೆ ಕಾರಿನ ಕಂಪ್ಯೂಟರಿಗೆ ಆಜ್ಞೆ ಕೊಟ್ಟ. ಹದಿನಾಲ್ಕು.

“ಎದೆಗೆ ಒದ್ದ ಹಾಗೆ ಎಳೀತಿದೆ, ಮುಳ್ಳು ಮಾತ್ರ ಏರ್ತಾ ಇಲ್ಲ” ಎಂದ ಕಾರಿನವನು.

“ಎದೆ ಮಾತು ಬಿಡಿ ಸಾರ್. ಮೀಟರ್ ಸುಳ್ಳು ಹೇಳಲ್ಲ” ಎಂದ ಮೂರನೆಯವನು.

“ಏರು ಹತ್ತುವಾಗ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಶಬ್ದ ಬರುತ್ತೆ” ಎಂದಳು ತಂಗಿ.

“ಅದು ಒತ್ತಡ ಮಿತಿ ಮೀರಿದಾಗ ಬರೋ ಶಬ್ದ. ಒತ್ತಡವೇ ಸಾಲದು ಅಂತಿದ್ದೀವಿ, ಎಲ್ಲಿಂದ ಬರಬೇಕಮ್ಮ?” ಎಂದು ಮೂರನೆಯವನು ನಕ್ಕ. ಅಣ್ಣನೂ ನಕ್ಕ.

ಸ್ಪರ್ಧೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅಣ್ಣ ತಂಗಿ ಕಾರನ್ನು ನಾಲ್ಕನೆಯವನ ಬಳಿ ತಂದರು. ಅವನು ಲಾರಿಗಳ ಟರ್ಬೊ ಬಿಚ್ಚಿ ಕಟ್ಟುತ್ತಿದ್ದ ವಯಸ್ಸಾದ ಮೇಸ್ತ್ರಿ.

“ಇನ್ನೊಂದೇ ಪೌಂಡ್, ಮೇಸ್ತ್ರಿಗಳೇ. ಆ ನಟ್ಟಿಗೆ ಅರ್ಧ ಸುತ್ತು ಕೊಟ್ಟರೆ ಆಯ್ತು” ಎಂದ ಕಾರಿನವನು.

ಮೇಸ್ತ್ರಿ ಸ್ಪಾನರ್ ತೆಗೆದುಕೊಂಡ. ನಟ್ಟಿಗೆ ಕಚ್ಚಿಸಿದ. ತಿರುಗಿಸಲಿಲ್ಲ. ಸ್ಪಾನರನ್ನು ಹಿಂದಕ್ಕೆ ತೆಗೆದು ಮೇಜಿನ ಮೇಲಿಟ್ಟ.

“ಈಗ ಹದಿನಾಲ್ಕಿದೆ ಅಂತ ಯಾರು ಹೇಳಿದ್ದು?”

“ಮೀಟರ್.”

“ಮೀಟರಿಗೆ ಯಾರು ಹೇಳಿದ್ದು?”

“ನೀವು ವಕೀಲರಾಗಬೇಕಿತ್ತು” ಎಂದ ಕಾರಿನವನು. ಆಮೇಲೆ ಅವನ ದನಿ ಗಡುಸಾಯಿತು. “ಮೂರು ಜನ ಕೈ ಹಾಕಿದ್ದಾರೆ. ಅವರೆಲ್ಲ ದಡ್ಡರಾ? ಆ ಸ್ಪಾನರ್ ಇಲ್ಲಿ ಕೊಡಿ, ನಾನೇ ತಿರುಗಿಸ್ತೀನಿ.”

ಮೇಸ್ತ್ರಿ ಸ್ಪಾನರಿನ ಮೇಲೆ ಅಂಗೈ ಊರಿದ. “ನಿಮ್ಮ ಕಾರು, ನಿಮ್ಮಿಷ್ಟ. ಸ್ಪಾನರ್ ನನ್ನದು.”

ಕಾರಿನವನು ಹೊರಟುಬಿಡಲು ಕಾರು ಹತ್ತಿ ಕೀಲಿಗೆ ಕೈ ಹಾಕಿದ. ಪಕ್ಕದ ಸೀಟಿನಲ್ಲಿದ್ದ ತಂಗಿ ಕಾರಿನಿಂದ ಇಳಿದು ನಿಂತಳು. “ಇವರು ನೋಡಿ ಹೇಳೋವರೆಗೆ ನಾನು ಹತ್ತಲ್ಲ, ಅಣ್ಣ” ಎಂದಳು. ತಿರುವು ಓದುವವರಿಲ್ಲದೆ ಸ್ಪರ್ಧೆಯಿಲ್ಲ. ಅವನು ಕೀಲಿ ಬಿಟ್ಟ.

ಮೇಸ್ತ್ರಿ ಪೆಟ್ಟಿಗೆಯಿಂದ ತನ್ನ ಮೀಟರ್ ತೆಗೆದ. ಅದನ್ನು ಮೊದಲು ಎದುರಿನ ಟಯರ್ ಅಂಗಡಿಯ ಮೀಟರಿನ ಜೊತೆ ಹೋಲಿಸಿ ನೋಡಿದ. ಎರಡೂ ಒಂದೇ ಅಂಕಿ ತೋರಿಸಿದ ಮೇಲೆ, ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೇ ಅದನ್ನು ಜೋಡಿಸಿದ. ಕಾರಿನವನು ಓಡಿಸಿದ, ಮೇಸ್ತ್ರಿ ಪಕ್ಕದಲ್ಲಿ ಕುಳಿತ. ಏರಿನಲ್ಲಿ ಕಾರಿನ ಮುಳ್ಳು ಹದಿನಾಲ್ಕು ಮುಟ್ಟಿದಾಗ ಮೇಸ್ತ್ರಿಯ ಮುಳ್ಳು ಇಪ್ಪತ್ತೊಂದರಲ್ಲಿತ್ತು. ಡಬ್ಬಿಯಲ್ಲಿ ಕಲ್ಲು ಅಲ್ಲಾಡಿದ ಶಬ್ದ ಬಂತು.

“ಕಾಲು ತೆಗೀರಿ” ಎಂದ ಮೇಸ್ತ್ರಿ.

ಹಿಂದಿರುಗಿ ಬಂದು ಕಾರಿನ ಮೀಟರಿಗೆ ಹೋಗುವ ಸಣ್ಣ ರಬ್ಬರ್ ಕೊಳವೆಗೆ ಗಾಳಿ ತುಂಬಿಸಿ, ಉದ್ದಕ್ಕೂ ಸೋಪಿನ ನೀರು ಹಚ್ಚಿದ. ಒಂದು ಕಡೆ ಗುಳ್ಳೆ ಎದ್ದಿತು. ಉಗುರಿನಷ್ಟು ಬಿರುಕು. ಒತ್ತಡದ ಮೂರರಲ್ಲೊಂದು ಪಾಲು ಅಲ್ಲೇ ಸೋರಿ, ಮೀಟರಿಗೆ ಉಳಿದ ಎರಡು ಪಾಲಷ್ಟೇ ತಲುಪುತ್ತಿತ್ತು. ಮುಳ್ಳು ಹತ್ತರಲ್ಲಿ ನಿಂತ ದಿನ ಎಂಜಿನ್ನಿನಲ್ಲಿ ಸರಿಯಾಗಿ ಹದಿನೈದು ಪೌಂಡ್ ಇತ್ತು. ಕಾರಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ರಿಪೇರಿಯಿಂದ ಆದದ್ದು.

ಮೂರನೆಯವನ ಆಜ್ಞೆಯನ್ನು ಅವನಿಂದಲೇ ಅಳಿಸಬೇಕಾಯಿತು. ಹಳೆಯ ಸ್ಪ್ರಿಂಗನ್ನು ಎರಡನೆಯವನ ಗುಜರಿಯಲ್ಲಿ ಹುಡುಕಬೇಕಾಯಿತು. ನಟ್ಟು ಮೊದಲು ಎಲ್ಲಿತ್ತೆಂದು ಮೊದಲನೆಯವನು ಗುರುತು ಹಾಕಿರಲಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಕಾರು ಇದ್ದ ಹಾಗೆ ಆಯಿತು. ಹೊಸ ಕೊಳವೆ ಹಾಕಿದ ಮೇಲೆ ಎರಡು ಮುಳ್ಳುಗಳೂ ಹದಿನೈದರಲ್ಲಿ ನಿಂತವು. ಅಷ್ಟು ಹೊತ್ತಿಗೆ ಸ್ಪರ್ಧೆ ಮುಗಿದಿತ್ತು. ಕಾರಿನವನು ಮೇಸ್ತ್ರಿಯ ಕೂಲಿ ಎಣಿಸಿ ಕೊಟ್ಟ. ತಂಗಿ ತಿರುವುಗಳ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು.

ಶಿಷ್ಯನ ಮುಖ ಅರಳಿತು. “ತಿಳಿಯಿತು, ಗುರುಗಳೇ. ಮೂವರಿಗೂ ಕಾಣದ ಬಿರುಕು ನಾಲ್ಕನೆಯವನಿಗೆ ಕಂಡಿತು. ಅದಕ್ಕೇ ಅವನು ಒಲ್ಲೆನೆಂದ. ನನಗೂ ಹಾಗೆ ಏನಾದರೂ ಕಂಡಿದ್ದರೆ ನಾನೂ ಒಲ್ಲೆನೆನ್ನುತ್ತಿದ್ದೆ.”

ಗುರುಗಳು ಹೇಳಿದರು: “ಸ್ಪಾನರನ್ನು ಮೇಜಿನ ಮೇಲಿಟ್ಟಾಗ ಅವನಿಗೆ ಬಿರುಕು ಇನ್ನೂ ಕಂಡಿರಲಿಲ್ಲ.”